ಬಣ್ಣ ಬಯಲು ಮಾಡಿದ ಆಯಿಲ್

ಡಿಫರೆನ್ಷಿಯಲ್‌ನ ಚಿತ್ರ ಬರೆದು ವಿವರಿಸಿ ಎಂದರೆ ನಾನು ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಕ್ರೌನ್ ವೀಲ್, ಪಿನಿಯನ್, ಸನ್ ಗೇರ್ ಎಂದು ಬಾಣದ ಗುರುತು ಹಾಕಿ ಕಳೆದ ಸೆಮಿಸ್ಟರ್‌ನಲ್ಲಿ ಹತ್ತಕ್ಕೆ ಒಂಬತ್ತು ಅಂಕ ಗಿಟ್ಟಿಸಿದ್ದೆ. ಆದರೆ ನಮ್ಮ ಮನೆಯ ಜೀಪಿನ ಕೆಳಗೆ ತೂರಿ ಅದರ ಆಯಿಲ್ ನೋಡಬೇಕು ಅಂತ ಮಾತ್ರ ಹೊಳೆದಿರಲಿಲ್ಲ.

ಮೂಡಿಗೆರೆ ಕಡೆಯ ನಮ್ಮ ಮನೆಗೆ ಹೋಗಲು ಒಂದು ಹಳ್ಳ ದಾಟಬೇಕು. ಮಳೆಗಾಲದಲ್ಲಿ ಕಾರು ಬರುವುದಿಲ್ಲ. ಹಾಗಾಗಿ ಅಪ್ಪ ಕಾಫಿ ಮಾರಿದ ದುಡ್ಡಿನಲ್ಲಿ ಫೋರ್ ವೀಲ್ ಡ್ರೈವ್ ಇರುವ ಹಳೇ ಜೀಪು ಕೊಳ್ಳಲು ಹೊರಟರು. 'ನೀನು ಎಂಜಿನಿಯರ್ ಅಲ್ವೇನೋ, ಬಾ ನೋಡು' ಎಂದು ನನ್ನನ್ನೂ ಕರೆದೊಯ್ದರು. ನಾನು ಬಾನೆಟ್ ಎತ್ತಿದೆ, ಹೊಗೆಯ ಬಣ್ಣ ನೋಡಿದೆ, ಟೈರಿಗೆ ಒದ್ದೆ. ಹೊಸ ಪೇಂಟ್ ಫಳಫಳ ಅನ್ನುತ್ತಿತ್ತು. 'ಚೆನ್ನಾಗಿದೆ ಅಪ್ಪಾ' ಅಂದುಬಿಟ್ಟೆ.

ಎರಡು ತಿಂಗಳು ಕಳೆದಿರಲಿಲ್ಲ, ಮುಂದಿನಿಂದ 'ಉಂಯ್' ಎಂಬ ಸದ್ದು ಶುರುವಾಯಿತು. ಗ್ಯಾರೇಜಿನ ಮೇಸ್ತ್ರಿ ಒಂದು ಸುತ್ತು ಓಡಿಸಿ ಬಂದು, 'ಹೌಸಿಂಗ್ ಆಯಿಲ್ ಯಾವಾಗ ಬದಲಾಯಿಸಿದ್ದು?' ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಸುರಿದದ್ದು ಹಾಲು ಜಾಸ್ತಿಯಾದ ಕಾಫಿಯಂಥ ದ್ರವ! ಆಯಿಲ್‌ಗೆ ನೀರು ಸೇರಿ, ಬೇರಿಂಗ್‌ಗಳು ತುಕ್ಕು ಹಿಡಿದಿದ್ದವು. ಮಾರಿದವರಿಗೆ ಫೋನ್ ಮಾಡಿದರೆ, 'ಕೊಡುವಾಗ ಸರಿಯಾಗೇ ಇತ್ತಲ್ಲ' ಎಂಬ ಉತ್ತರ. ಅಪ್ಪ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಮುಚ್ಚಿದ ಹೌಸಿಂಗ್‌ಗೆ ನೀರು ಹೋದದ್ದಾದರೂ ಹೇಗೆ? ಪಿಯುಸಿಯಲ್ಲಿ ಓದಿದ ಅನಿಲ ನಿಯಮವೇ ಉತ್ತರ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿಯ ಒತ್ತಡ ಕುಸಿಯುತ್ತದೆ. ಹೊರಗಿನ ಗಾಳಿ ಒಳಬರಲೆಂದು ಮೇಲ್ಗಡೆ ಬ್ರೀದರ್ ಎಂಬ ಪುಟ್ಟ ಕಿಂಡಿ ಇರುತ್ತದೆ. ಅದು ಕೆಸರಿನಿಂದ ಕಟ್ಟಿಕೊಂಡಿದ್ದರೆ, ಸವೆದ ಆಯಿಲ್ ಸೀಲ್‌ನ ಸಂದಿಯಿಂದ ನೀರೇ ಒಳಗೆ ಎಳೆದುಕೊಳ್ಳುತ್ತದೆ.

'ನಾವು ಫೋರ್ ವೀಲ್ ಹಾಕುವುದೇ ಅಪರೂಪ, ಮುಂದಿನ ಆಯಿಲ್‌ಗೆ ಏನಾಗುತ್ತೆ?' ಎನ್ನುವವರಿದ್ದಾರೆ. ಆದರೆ ಹಬ್ ಬಿಡಿಸುವ ವ್ಯವಸ್ಥೆ ಇಲ್ಲದ ಜೀಪಿನಲ್ಲಿ, ಟೂ ವೀಲ್‌ನಲ್ಲಿ ಓಡಿಸಿದರೂ ಮುಂದಿನ ಗೇರ್‌ಗಳು ಚಕ್ರದ ಜೊತೆ ತಿರುಗುತ್ತಲೇ ಇರುತ್ತವೆ. ಗೇರ್‌ಬಾಕ್ಸ್ ಬಿಟ್ಟು ಇನ್ನೂ ಮೂರು ಕಡೆ ಆಯಿಲ್ ಇರುತ್ತದೆ: ಮುಂದಿನ ಡಿಫರೆನ್ಷಿಯಲ್, ಹಿಂದಿನದು ಮತ್ತು ಟ್ರಾನ್ಸ್‌ಫರ್ ಕೇಸ್. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡ ವಾರದಲ್ಲೇ ಮೂರನ್ನೂ ನೋಡಿಬಿಡಬೇಕು.

ಮೇಸ್ತ್ರಿ ಕಲಿಸಿದ ಮೊದಲ ಪಾಠ: ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮೊದಲು ಆಯಿಲ್ ತುಂಬುವ ಪ್ಲಗ್ ಬಿಚ್ಚಿ. ಇದ್ದ ಆಯಿಲೆಲ್ಲ ಸುರಿದ ಮೇಲೆ ಆ ಪ್ಲಗ್ ಬಿಗಿದುಕೊಂಡು ಬರದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಸ್ವಲ್ಪ ದೂರ ಓಡಿಸಿ ಬಂದಿದ್ದರೆ ಆಯಿಲ್ ಬೆಚ್ಚಗಾಗಿ ಸಲೀಸಾಗಿ ಇಳಿಯುತ್ತದೆ. ಪ್ಲಗ್‌ನಲ್ಲಿ ಅಯಸ್ಕಾಂತವಿದ್ದರೆ ಅದನ್ನು ಬೆರಳಲ್ಲಿ ಒರೆಸಿ. ನುಣ್ಣನೆಯ ಬೂದು ಬಣ್ಣದ ಪೇಸ್ಟ್ ಅಂಟಿದ್ದರೆ ಸಹಜ ಸವೆತ. ಕಬ್ಬಿಣದ ಚೂರು ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಹೋಗಿದೆ ಎಂದರ್ಥ. ಹೊಸ ಆಯಿಲ್ ಅನ್ನು ತುಂಬುವ ತೂತಿನ ಅಂಚಿನವರೆಗೆ ಹಾಕಿದರೆ ಸಾಕು.

ಇಂಥ ಡಿಫರೆನ್ಷಿಯಲ್‌ಗಳಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಒತ್ತಿ ಜಾರುತ್ತವೆ. ಆ ಒತ್ತಡ ತಡೆಯಲೆಂದೇ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಆಯಿಲ್ ಹಾಕುತ್ತಾರೆ. ಮಿಕ್ಕಿತೆಂದು ಅದನ್ನೇ ಗೇರ್‌ಬಾಕ್ಸ್‌ಗೆ ಸುರಿಯಬೇಡಿ, ಒಳಗಿನ ಹಿತ್ತಾಳೆ ರಿಂಗ್‌ಗಳಿಗೆ ಆಗದೇ ಇರಬಹುದು. ಮ್ಯಾನುಯಲ್ ಹೇಳಿದ್ದೇ ಅಂತಿಮ. ಹಳೇ ಆಯಿಲ್ ಕ್ಯಾನ್‌ಗೆ ತುಂಬಿ ಗ್ಯಾರೇಜಿಗೆ ಕೊಡಿ, ಹಳ್ಳಕ್ಕೆ ಚೆಲ್ಲಬೇಡಿ.

ಹಿಂದಿನ ಹೌಸಿಂಗ್‌ನ ಆಯಿಲ್ ಅನ್ನು ಅವತ್ತು ನಾನೇ ಬದಲಾಯಿಸಿದೆ. ಅಂಗಿ ತುಂಬಾ ಮಸಿ, ಮೂಗಿನ ತುಂಬಾ ಗಂಧಕದ ವಾಸನೆ. ಬ್ರೀದರ್‌ಗೆ ಪೈಪ್ ಜೋಡಿಸಿ ಹಳ್ಳದ ನೀರು ಮುಟ್ಟದಷ್ಟು ಎತ್ತರಕ್ಕೆ ಕಟ್ಟಿದೆವು. ಈಗ ಪ್ರತಿ ಮಳೆಗಾಲ ಮುಗಿದ ಮೇಲೆ ಪ್ಲಗ್ ಬಿಚ್ಚಿ ನೋಡುವುದು ನನ್ನ ಕೆಲಸ. ಪಕ್ಕದ ತೋಟದವರು ಮೊನ್ನೆ ಹಳೇ ಜೀಪು ನೋಡಲು ಹೊರಟಾಗ ಅಪ್ಪ, 'ಮಗನನ್ನ ಕರ್ಕೊಂಡು ಹೋಗಿ, ಕೆಳಗೆ ತೂರಿ ನೋಡ್ತಾನೆ' ಅಂದರು.

ಪರೀಕ್ಷೆಯಲ್ಲಿ ಕಳೆದುಕೊಂಡ ಆ ಒಂದು ಅಂಕ ಬಹುಶಃ ಜೀಪಿನ ಕೆಳಗೇ ಇತ್ತು.