ಏಕಕಾಲಿಕ ಸಮೀಕರಣಗಳ ಬೋಧನೆ

ಎರಡು ಅವ್ಯಕ್ತಗಳುಳ್ಳ ಸಮೀಕರಣಗಳನ್ನು ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಕಲಿಸುವಾಗ ನಾವು ಸಾಮಾನ್ಯವಾಗಿ ಸೂತ್ರದಿಂದಲೇ ತೊಡಗುತ್ತೇವೆ. ಉತ್ತರ ದೊರೆತರೂ ಒಂದೇ ಸಮೀಕರಣ ಏಕೆ ಸಾಲದೆಂಬುದು ವಿದ್ಯಾರ್ಥಿಗೆ ತಿಳಿಯದೆ ಉಳಿಯುತ್ತದೆ. ಈ ಕೊರತೆಯನ್ನು ನೀಗಲು ನಮ್ಮ ನಾಡಿನದೇ ಒಂದು ಲೆಕ್ಕ ನೆರವಾಗುತ್ತದೆ.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಅದು ಬರುತ್ತದೆ. 9 ಮಾದಲ, 7 ಬೇಲದ ಹಣ್ಣುಗಳಿಗೆ ಒಟ್ಟು ಬೆಲೆ 107. 7 ಮಾದಲ, 9 ಬೇಲದ ಹಣ್ಣುಗಳಿಗೆ 101. ಒಂದೊಂದರ ಬೆಲೆಯನ್ನು ಕಂಡುಹಿಡಿಯಬೇಕು. ಕಿರಿಮಂಜೇಶ್ವರದಂತಹ ಕರಾವಳಿಯ ಊರುಗಳಲ್ಲಿ ಈ ಹಣ್ಣುಗಳಿಗೆ ಬದಲು ತೆಂಗಿನಕಾಯಿ, ಬೊಂಡಗಳನ್ನು ಇಟ್ಟುಕೊಂಡರೂ ಲೆಕ್ಕ ಕೆಡದು.

ಮೊದಲು ಒಂದನೆಯ ಹೇಳಿಕೆಯನ್ನು ಮಾತ್ರ ಕೊಡೋಣ. ಮಾದಲಕ್ಕೆ 8, ಬೇಲಕ್ಕೆ 5 ಎಂದರೂ ಅದಕ್ಕೆ ಸರಿಹೊಂದುತ್ತದೆ. 1 ಮತ್ತು 14 ಎಂದರೂ ಸರಿಹೊಂದುತ್ತದೆ. ಎರಡನೆಯ ಹೇಳಿಕೆ ಬಂದಾಗಲೇ ಸಂದೇಹ ಕಳೆಯುವುದು. ಎರಡನ್ನೂ ಕೂಡಿದರೆ 16 ಮಾದಲ, 16 ಬೇಲಗಳಿಗೆ 208. ಆದುದರಿಂದ ಒಂದು ಜೋಡಿಗೆ 13. ಕಳೆದರೆ, 2 ಮಾದಲಗಳ ಬೆಲೆ 2 ಬೇಲಗಳ ಬೆಲೆಗಿಂತ 6 ಹೆಚ್ಚು. ಅಂದರೆ ಒಂದಕ್ಕೆ 3 ಹೆಚ್ಚು. ಹೀಗೆ ಮಾದಲಕ್ಕೆ 8, ಬೇಲಕ್ಕೆ 5 ಎಂದು ನಿಶ್ಚಯವಾಗುತ್ತದೆ.

ಆಚಾರ್ಯರ ಸೂತ್ರವನ್ನು ಬಳಿಕ ತೋರಿಸಬಹುದು: 107×9ರಿಂದ 101×7ನ್ನು ಕಳೆದು, 9 ಮತ್ತು 7ರ ವರ್ಗಗಳ ಅಂತರವಾದ 32ರಿಂದ ಭಾಗಿಸಿದರೆ 8.

ಕೊನೆಗೆ, ಎರಡನೆಯ ಹೇಳಿಕೆಯ ಬದಲು 18 ಮಾದಲ, 14 ಬೇಲಗಳಿಗೆ 214 ಎಂದು ಕೊಟ್ಟು ನೋಡೋಣ. ಇದು ಮೊದಲನೆಯದರ ಇಮ್ಮಡಿಯೇ ಹೊರತು ಹೊಸ ಸಂಗತಿಯೇನನ್ನೂ ತಿಳಿಸದು. ಇದನ್ನು ತಾನೇ ಕಂಡುಕೊಂಡ ವಿದ್ಯಾರ್ಥಿಗೆ ವಿಷಯ ಮನದಟ್ಟಾಗಿದೆಯೆಂದು ನಾವು ನಂಬಬಹುದು.