ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲು

ಹಾಸನದಿಂದ ಚನ್ನರಾಯಪಟ್ಟಣದ ಕಡೆಗೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವ ಬಸ್ಸು 0.2 ಮಿಲಿಸೆಕೆಂಡಿನಲ್ಲಿ ಎಷ್ಟು ದೂರ ಹೋದೀತು? ಮೂರು ಮಿಲಿಮೀಟರಿಗಿಂತ ಚೂರು ಹೆಚ್ಚು. ಕಿವಿಗೆ ಬಿದ್ದ ಸದ್ದಿಗೆ ಮಿದುಳಿನ ಕಾಂಡ ಮಿಡಿಯುವುದರಲ್ಲಿ ಹೆಣ್ಣಿಗೂ ಗಂಡಿಗೂ ಇರುವ ಅಂತರ ಸರಾಸರಿ ಈ 0.2 ಮಿಲಿಸೆಕೆಂಡೇ, ಕೆಲವೊಮ್ಮೆ ಇದರ ಅರ್ಧ. ಮುಂದಿರುವವಳು ಹೆಣ್ಣು. ಆ ಮಿಡಿತದ ವಿದ್ಯುತ್ ಅಲೆಯ ಎತ್ತರದಲ್ಲೂ ಅವಳದೇ ಮೇಲುಗೈ.

ಇದನ್ನು ಹಿಡಿಯುವುದು ಬೆರಾ ಟೆಸ್ಟ್, ಅಂದರೆ ಸದ್ದಿಗೆ ಮಿದುಳಿನ ಕಾಂಡ ಕೊಡುವ ವಿದ್ಯುತ್ ಉತ್ತರವನ್ನು ಅಳೆಯುವ ಪರೀಕ್ಷೆ. ಸಂಶೋಧಕರಾದ ಜ್ಯುವೆಟ್ ಮತ್ತು ವಿಲಿಸ್ಟನ್ 1971ರಲ್ಲಿ ವಿವರಿಸಿದ ಅಲೆಗಳ ಪೈಕಿ ಐದನೆಯದೇ ಮುಖ್ಯ. ಜೋರಾದ ಟಿಕ್ ಸದ್ದಿಗೆ ಸುಮಾರು 5.5 ಮಿಲಿಸೆಕೆಂಡಿಗೆ ಏಳುವ ಅದರ ಎತ್ತರ ಅರ್ಧ ಮೈಕ್ರೋವೋಲ್ಟಿನ ಆಸುಪಾಸು, ಅಂದರೆ ಒಂದು ವೋಲ್ಟಿನ ಇಪ್ಪತ್ತು ಲಕ್ಷದಲ್ಲೊಂದು ಪಾಲು! ಮಿದುಳಿನ ಉಳಿದ ವಿದ್ಯುತ್ ಗದ್ದಲ ಅದರ ಹತ್ತಾರು ಪಟ್ಟು. ಅದಕ್ಕೇ 2000 ಸಲ ಟಿಕ್ ಕೊಟ್ಟು ಸರಾಸರಿ ತೆಗೆಯುತ್ತಾರೆ. ಆಗ ಗದ್ದಲ ಸುಮಾರು 45ರಲ್ಲೊಂದು ಪಾಲಿಗೆ ಇಳಿದು ಅಲೆ ಮೇಲೇಳುತ್ತದೆ.

ಹೆಣ್ಣು ಮುಂದೇಕೆ? ಅವಳ ತಲೆ ಸರಾಸರಿ ಚಿಕ್ಕದು, ಒಳಗಿವಿಯ ಸುರುಳಿಯೂ ಗಿಡ್ಡ. ನರಸಂದೇಶ ಸಾಗಬೇಕಾದ ದಾರಿ ಕಡಿಮೆ. ಆದರೆ ತಲೆಯ ಅಳತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಪೂರ್ತಿ ಅಳಿಯುವುದಿಲ್ಲ ಎಂದು ಹಲವು ಅಧ್ಯಯನಗಳು ಕಂಡಿವೆ. ಹೆಣ್ಣು ಗಂಡೆಂಬುದೂ ತಲೆಯಳತೆಯೂ ಬೇರೆ ಬೇರೆಯಾಗಿಯೇ ಕೈಯಾಡಿಸುತ್ತವೆ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಎಳೆಗೂಸು. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ 35 ಸೆಂ.ಮೀ. ಆಸುಪಾಸು. ಅಳತೆಯೊಂದನ್ನೇ ನಂಬಿದರೆ ಎಲ್ಲರಿಗಿಂತ ಬೇಗ ಮಿಡಿಯಬೇಕಾದ್ದು ಅದೇ. ಆದರೆ ಅದರ ಐದನೇ ಅಲೆ ಏಳಲು ಸುಮಾರು 7 ಮಿಲಿಸೆಕೆಂಡು ಬೇಕು, ಏಕೆಂದರೆ ಸಂದೇಶಕ್ಕೆ ವೇಗ ಕೊಡುವ, ನರಗಳ ಮೇಲಿನ ಮೈಲಿನ್ ಪದರ ಇನ್ನೂ ಬಲಿತಿರುವುದಿಲ್ಲ. ದೊಡ್ಡವರ ಅಳತೆಗೆ ಬರಲು ಸುಮಾರು ಎರಡು ವರ್ಷ ಹಿಡಿಯುತ್ತದೆ.

ಈ ಚೂರುಗಳು ಲೆಕ್ಕಕ್ಕೆ ಬರುವುದು ರಿಪೋರ್ಟ್ ಓದುವಾಗ. ಒಂದನೇ ಅಲೆಗೂ ಐದನೆಯದಕ್ಕೂ ನಡುವೆ ದೊಡ್ಡವರಲ್ಲಿ 4 ಮಿಲಿಸೆಕೆಂಡು ಸಹಜ, ಸುಮಾರು 4.4 ದಾಟಿದರೆ ನರದ ತೊಂದರೆಯ ಶಂಕೆ. ನಡುವಿನ 0.4ರಲ್ಲಿ ಹೆಣ್ಣು ಗಂಡಿನ ವ್ಯತ್ಯಾಸವೇ ಅರ್ಧದಷ್ಟನ್ನು ನುಂಗಬಲ್ಲದು. ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವುದು ಸರಿಯಲ್ಲ.

ಕೂಸಿಗೆ ಕಿವಿ ಕೇಳುತ್ತದೆಯೇ ಎಂದು ತಿಳಿಯಲೂ ಬೆರಾ ನೆರವಾಗುತ್ತದೆ. ಅರಕಲಗೂಡಿನಲ್ಲಾಗಲಿ ಹೊಳೆನರಸೀಪುರದಲ್ಲಾಗಲಿ ಮಗು ಸದ್ದಿಗೆ ಬೆಚ್ಚದಿದ್ದರೆ, ಮಾತು ತಡವಾಗಿ ಬಂದೀತು ಎಂದು ಕಾಯಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಕಿವಿ, ಮಾತಿನ ತೊಂದರೆಗಳ ಕೆಲಸಕ್ಕೇ ಇದೆ. ಅಲ್ಲಿಗೆ ಹಾಸನದಿಂದ ಹೊಳೆನರಸೀಪುರದ ಮೇಲೆ ರೈಲೂ ಇದೆ. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರರೊಳಗೆ ಖಚಿತ ಪರೀಕ್ಷೆ, ಆರರೊಳಗೆ ಚಿಕಿತ್ಸೆ ಶುರುವಾಗಲಿ.