ಎಣ್ಣೆ ದುಬಾರಿ, ಗಾಡಿ ಭಾರಿ

ಕಳೆದ ವಾರ್ಷಿಕ ಮಹಾಸಭೆಯಲ್ಲಿ ವಾಹನ ಸಾಲದ ವಿಷಯ ಬಂದಾಗ ಸಭೆ ಎರಡು ಪಂಗಡವಾದದ್ದು ಸದಸ್ಯ ಬಾಂಧವರಿಗೆ ನೆನಪಿರಬಹುದು. ತರುಣ ಸದಸ್ಯರೊಬ್ಬರು ಇಪ್ಪತ್ತೈದು ಲಕ್ಷದ ಗಾಡಿಯೊಂದಕ್ಕೆ ಬೆಳೆಯ ಆಧಾರದ ಮೇಲೆ ಸಾಲ ಕೇಳಿದ್ದರು. ಹಿರಿಯರೊಬ್ಬರು ಎದ್ದು, "ಪೆಟ್ರೋಲು ನೂರು ದಾಟಿರುವಾಗ ಇಂಥ ಗಾಡಿ ಮಾಡುವ ಕಂಪನಿಯವರಿಗೇ ಬುದ್ಧಿಯಿಲ್ಲ" ಎಂದರು. "ಮಾಡುವುದು ಅವರ ವ್ಯಾಪಾರ, ಕೊಳ್ಳುವುದು ನನ್ನ ದುಡ್ಡು" ಎಂದು ತರುಣರು ಉತ್ತರ ಕೊಟ್ಟರು. ಲೋಟದ ಕಾಫಿ ಆರುವ ತನಕ ಚರ್ಚೆ ನಡೆಯಿತು, ನಿರ್ಣಯ ಮಾತ್ರ ಮುಂದಕ್ಕೆ ಹೋಯಿತು. ವಿಷಯವನ್ನು ವಿಚಾರಿಸಿ ಪತ್ರಿಕೆಯಲ್ಲಿ ಬರೆಯಬೇಕೆಂದು ಕಾರ್ಯದರ್ಶಿಯಾದ ನನಗೆ ಹೇಳಲಾಯಿತು.

ಬರೆಯಲು ತಡಮಾಡುತ್ತಿದ್ದವನಿಗೆ ದಾರಿ ತೋರಿಸಿದ್ದು ಸಿರಿಗೇರಿಯ ಒಂದು ಮದುವೆ. ಕಾಫಿ ಕೊಯ್ಲಿಗೆ ಪ್ರತಿವರ್ಷ ನಮ್ಮ ಕಡೆಗೆ ಆಳುಗಳನ್ನು ಕರೆತರುವ ಮೇಸ್ತ್ರಿಯ ಊರು ಅದು. ಬಳ್ಳಾರಿ ದಾಟಿ ಸಿರುಗುಪ್ಪದ ಕಡೆ ಹೊರಟರೆ ತುಂಗಭದ್ರಾ ಕಾಲುವೆಯ ಭತ್ತದ ಸೀಮೆ. ಮಗಳ ಮದುವೆಗೆ ಬರಲೇಬೇಕೆಂದು ಆತ ಹಟ ಹಿಡಿದಿದ್ದರಿಂದ ನನ್ನ ಹಳೆಯ ಡೀಸೆಲ್ ಜೀಪಿನಲ್ಲೇ ಹೋದೆ. ಚಪ್ಪರದ ಮುಂದೆ ಬೀಗರ ಕಡೆಯವರ ಭಾರಿ ಗಾಡಿಯೊಂದು ನಿಂತಿತ್ತು. ಮಕ್ಕಳೆಲ್ಲ ಅದರ ಸುತ್ತ. ನಾನೂ ಒಂದು ಸುತ್ತು ಹಾಕಿ ನೋಡಿದೆ, ಸುಳ್ಳು ಹೇಳಬಾರದು. ಮೇಸ್ತ್ರಿ ಪಕ್ಕಕ್ಕೆ ಬಂದು ಮೆಲ್ಲಗೆ, "ಧಣೇರ, ಈ ಗಾಡಿ ಬರೋವಾಗ ಊರೆಲ್ಲಾ ನೋಡ್ತದ್ರಿ. ಎಣ್ಣಿ ಹಾಕ್ಸೋವಾಗ ಒಬ್ರೂ ನೋಡಂಗಿಲ್ಲ" ಎಂದ.

ಆ ಜಿಲ್ಲೆಯವನ ಬಾಯಿಂದ ಬಂದ ಈ ಮಾತಿಗೆ ತೂಕವಿದೆ. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚಿನ ವರ್ಷಗಳಲ್ಲಿ ಚೀನಾಕ್ಕೆ ಕಬ್ಬಿಣದ ಅದಿರು ಬೇಕಾದಾಗ ಬಳ್ಳಾರಿ, ಹೊಸಪೇಟೆ, ಸಂಡೂರುಗಳ ಧೂಳು ತುಂಬಿದ ರಸ್ತೆಗಳಲ್ಲಿ ವಿದೇಶಿ ಕಾರುಗಳು ಓಡಾಡಿದ್ದನ್ನು ನಾವೆಲ್ಲ ಕಂಡಿದ್ದೇವೆ. ಗಣಿ ಒಡೆಯರ ಮಾತು ಬಿಡಿ. ಅವರನ್ನು ನೋಡಿ ಸಾಲ ಮಾಡಿ ಲಾರಿಯನ್ನೂ ಕಾರನ್ನೂ ಕೊಂಡವರು ಬಹಳ ಮಂದಿ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ರಸ್ತೆ ಬದಿಯಲ್ಲಿ ಸಾಲುಗಟ್ಟಿ ನಿಂತವು, ಕಂತುಗಳು ಮಾತ್ರ ನಿಲ್ಲಲಿಲ್ಲ. ಭತ್ತದವರ ಪಾಡೂ ಬೇರೆಯಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಒಂದು ಗೇಟಿಗಾಗಿ ಒಂದು ಸೀಮೆಯೇ ಉಸಿರು ಬಿಗಿಹಿಡಿದು ಕುಳಿತಿತ್ತು.

ಈಗ ಮೂಲ ಪ್ರಶ್ನೆಗೆ ಬರೋಣ. ಎಣ್ಣೆ ದುಬಾರಿಯಾದ ಕಾಲದಲ್ಲಿ ಕಂಪನಿಗಳು ಐಷಾರಾಮದ, ಅತಿವೇಗದ ಗಾಡಿಗಳನ್ನು ಬಿಡಬಹುದೆ? ಇದು ಹೊಸ ಪ್ರಶ್ನೆಯಲ್ಲ. 1973ರ ಅಕ್ಟೋಬರಿನ ಅರಬ್–ಇಸ್ರೇಲ್ ಯುದ್ಧದ ನಂತರ ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಪೀಪಾಯಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರಕ್ಕೆ ಏರಿತು. ಅಮೆರಿಕದವರು ದೋಣಿಯಂಥ ಕಾರುಗಳನ್ನು ಬಿಡಲೊಲ್ಲದೆ ಕುಳಿತರು, ಜಪಾನಿನವರು ಸಣ್ಣ ಕಾರು ತಂದು ಅವರ ಪೇಟೆಯೊಳಗೇ ಮಾರಿದರು. 1979ರ ಹೊತ್ತಿಗೆ ಕ್ರೈಸ್ಲರಿನಂಥ ಕಂಪನಿ ಸಾಲಕ್ಕೆ ಸರ್ಕಾರದ ಜಾಮೀನು ಬೇಡಬೇಕಾಯಿತು.

ನಮ್ಮಲ್ಲಿ ಆಗ ಮಲೆನಾಡಿನ ತೋಟಗಳಲ್ಲಿದ್ದದ್ದು ಪೆಟ್ರೋಲ್ ಜೀಪು. ಪೆಟ್ರೋಲಿನ ಬೆಲೆ ಕೇಳಿ ಜೀಪನ್ನು ಶೆಡ್ಡಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿನ ಗಾಡಿ ಕಟ್ಟಿದ್ದನ್ನು ನನ್ನ ತಂದೆಯವರು ಹೇಳುತ್ತಿದ್ದರು. ಮಹೀಂದ್ರ ಕಂಪನಿ ಆ ಕಾಲದಲ್ಲಿ ಡೀಸೆಲ್ ಎಂಜಿನ್ನಿನ ಕಡೆ ತಿರುಗಿತು, 1979ರಲ್ಲಿ ಫ್ರಾನ್ಸಿನ ಪ್ಯೂಜೋದವರಿಂದ ಡೀಸೆಲ್ ಎಂಜಿನ್ನಿನ ಪರವಾನಗಿ ಪಡೆಯಿತು. ನಮ್ಮ ಘಟ್ಟದ ದಾರಿಗಳನ್ನು ಉಳಿಸಿದ್ದು ಆ ಡೀಸೆಲ್ ಜೀಪು. ಎಣ್ಣೆ ದುಬಾರಿಯಾದಾಗ ಕಂಪನಿ ಮಾಡಬೇಕಾದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ತದ್ವಿರುದ್ಧ ಉದಾಹರಣೆ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯದು. 1985ರಲ್ಲಿ ಅವರು ಸ್ಟ್ಯಾಂಡರ್ಡ್ 2000 ಎಂಬ ಐಷಾರಾಮದ ಕಾರನ್ನು ಬಿಟ್ಟರು. ಮೈಯೆಲ್ಲ ಇಂಗ್ಲೆಂಡಿನ ರೋವರ್ ಕಾರಿನದು, ಒಳಗಿನ ಎಂಜಿನ್ನು ಮಾತ್ರ ಹಳೆಯ ವ್ಯಾನ್‌ಗಾರ್ಡ್ ಕಾಲದ್ದು. ಓಟ ನಿಧಾನ, ಕುಡಿತ ಜೋರು. 1983ರ ಡಿಸೆಂಬರಿನಲ್ಲೇ ಮಾರುತಿ 800 ಬಂದಿತ್ತು. ಜನ ಯಾವುದನ್ನು ಆರಿಸಿಕೊಂಡರೆಂದು ಹೇಳಬೇಕಾಗಿಲ್ಲ. 1988ರ ವೇಳೆಗೆ ಸ್ಟ್ಯಾಂಡರ್ಡ್ ಕಾರು ನಿಂತೇಹೋಯಿತು. ಹಿಂದೆ ಮೂಟೆ ಹಾಕಲು ಅನುಕೂಲವಾದ ವ್ಯಾಗನ್ ಮಾದರಿಯೂ ನಮ್ಮಲ್ಲಿ ನೆಲೆಯೂರಲಿಲ್ಲ. 1992ರ ಟಾಟಾ ಗಾಡಿಗೆ "ಎಸ್ಟೇಟ್" ಎಂದೇ ಹೆಸರಿತ್ತು, ಆದರೂ ಎಸ್ಟೇಟುಗಳಲ್ಲಿ ಅದನ್ನು ಕಂಡವರು ಕಡಿಮೆ.

ಹಾಗೆಂದು ದೊಡ್ಡ ಗಾಡಿಯೆಲ್ಲ ದಂಡವೆನ್ನಲಾರೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗುವ ಇನ್ನೋವಾದ ಹೈಬ್ರಿಡ್ ಮಾದರಿಯೊಂದು 2022ರಲ್ಲಿ ಪ್ರಕಟವಾಯಿತು. ಪೆಟ್ರೋಲಿನ ಜೊತೆ ವಿದ್ಯುತ್ ಮೋಟಾರೂ ಇರುವ ಈ ಗಾಡಿಗೆ ಪರೀಕ್ಷೆಯಲ್ಲಿ ಲೀಟರಿಗೆ 23 ಕಿಲೋಮೀಟರಿಗೂ ಹೆಚ್ಚು ಎಂಬ ಲೆಕ್ಕ ಬಂದಿದೆ. ಘಟ್ಟದಲ್ಲಿ ಅಷ್ಟು ಬರದು, ಅದು ಬೇರೆ ಮಾತು. ಹೊಸ ಯಂತ್ರ ಮೊದಲು ಬರುವುದು ಶ್ರೀಮಂತರ ಗಾಡಿಗೆ. ಅಗ್ಗದ ಗಾಡಿಯಲ್ಲಿ ಮೊದಲೇ ತಂದರೆ ಏನಾಗುತ್ತದೆಂಬುದನ್ನು 2001ರಲ್ಲಿ ಬೆಂಗಳೂರಿನಿಂದ ಬಂದ ಪುಟ್ಟ ವಿದ್ಯುತ್ ಕಾರು ರೇವಾ ತೋರಿಸಿತು. ಹೊಗಳಿದವರು ಬಹಳ, ಕೊಂಡವರು ಸ್ವಲ್ಪ.

ಕಂಪನಿಯ ಲೆಕ್ಕವೂ ಸ್ಪಷ್ಟವೇ. ಸಣ್ಣ ಕಾರಿನಲ್ಲಿ ಸಿಗುವ ಲಾಭ ಅಲ್ಪ, ದೊಡ್ಡದರಲ್ಲಿ ಅಧಿಕ. ಐವತ್ತು ಲಕ್ಷ ಕೊಡಬಲ್ಲವನು ಬಂಕಿನಲ್ಲಿ ದರದ ಫಲಕ ನೋಡುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗ ಸಣ್ಣ ಕಾರಿನ ತೆರಿಗೆ ಶೇಕಡ 18ಕ್ಕೆ ಇಳಿಯಿತು. ದೊಡ್ಡ ಗಾಡಿಗೂ ಸೆಸ್ ಸೇರಿ ಶೇಕಡ 50ರ ತನಕ ಇದ್ದದ್ದು 40ಕ್ಕೆ ಬಂತು. ಅದೇ ಹೊತ್ತಿಗೆ ನಮ್ಮ ಕೈಯಲ್ಲೂ ಕಾಸಿತ್ತು. 2024–25ರಲ್ಲಿ ರೋಬಸ್ಟಾ ಕಂಡ ಬೆಲೆಯನ್ನು ನಮ್ಮ ಹಿಂದಿನವರು ಕಂಡಿರಲಿಲ್ಲ. ಷೋರೂಮಿನವರಿಗೆ ನಮ್ಮ ಕೊಯ್ಲಿನ ತಿಂಗಳು ನಮ್ಮಷ್ಟೇ ಚೆನ್ನಾಗಿ ಗೊತ್ತು.

ಬೆಳೆಗಾರನ ಲೆಕ್ಕ ಬೇರೆಯಾಗುವುದು ಇಲ್ಲಿಯೇ. ವರ್ಷಕ್ಕೆ 12,000 ಕಿಲೋಮೀಟರು ಓಡಿಸುವವನ ಗಾಡಿ ಲೀಟರಿಗೆ 8 ಕಿಲೋಮೀಟರು ಕೊಟ್ಟರೆ 1,500 ಲೀಟರು ಬೇಕು. 18 ಕೊಡುವ ಗಾಡಿಗೆ 667 ಲೀಟರು ಸಾಕು. ಲೀಟರಿಗೆ 103 ರೂಪಾಯಿ ಹಿಡಿದರೆ ವ್ಯತ್ಯಾಸ ಸುಮಾರು 86,000 ರೂಪಾಯಿ. ಇದನ್ನು ರೂಪಾಯಿಯಲ್ಲಿ ನೋಡಬೇಡಿ, ಚೀಲದಲ್ಲಿ ನೋಡಿ. ಚೆರಿ ಚೀಲಕ್ಕೆ ಹತ್ತು ಸಾವಿರ ಬಂದ ವರ್ಷ ಎಂಟೂವರೆ ಚೀಲ ಎಣ್ಣೆಗೆ ಹೋಯಿತು. ಅದೇ ಚೀಲ ಮೂರೂವರೆ ಸಾವಿರಕ್ಕೆ ಬಿದ್ದ ವರ್ಷ ಇಪ್ಪತ್ತನಾಲ್ಕೂವರೆ ಚೀಲ ಹೋಗುತ್ತದೆ. 2021ರ ಜೂನಿನಲ್ಲಿ ಬೆಂಗಳೂರಿನಲ್ಲಿ ನೂರು ದಾಟಿದ ಪೆಟ್ರೋಲು, ಸುಂಕ ಇಳಿಸಿದ ಮೇಲೂ ನೂರರ ಆಸುಪಾಸಿನಲ್ಲೇ ಉಳಿಯಿತು. ರಾಜ್ಯ ಸರ್ಕಾರ 2024ರ ಜೂನಿನಲ್ಲಿ ಪೆಟ್ರೋಲು ಡೀಸೆಲ್ ಎರಡರ ಮೇಲೂ, 2025ರ ಏಪ್ರಿಲಿನಲ್ಲಿ ಡೀಸೆಲ್ ಮೇಲೆ ತೆರಿಗೆ ಏರಿಸಿತು. ಕಾಫಿಯ ಬೆಲೆ ಇಳಿಯಿತೆಂದು ಬಂಕಿನವರು ಇಳಿಸುವುದಿಲ್ಲ.

ಇದು ಪುಸ್ತಕದ ಮಾತಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಏರಿದಾಗ ನಮ್ಮ ಮನೆಗೂ ದೊಡ್ಡ ಕಾರೊಂದು ಬಂತು. ಅದರ ಮಾದರಿ ಹೇಳುವುದಿಲ್ಲ, ತಪ್ಪು ಅದರದ್ದಲ್ಲ. ತರಬೇಕೆಂದು ತಂದೆಯವರನ್ನು ಕಾಡಿದವನು ನಾನೇ, ಆಗಷ್ಟೇ ಪದವಿ ಮುಗಿಸಿ ಬಂದಿದ್ದೆ. 2001ರ ಸುಮಾರಿಗೆ ಕಾಫಿ ಮೂವತ್ತು ವರ್ಷದಲ್ಲೇ ಕಾಣದಷ್ಟು ಕೆಳಗೆ ಬಿದ್ದಾಗ ಗೊಬ್ಬರಕ್ಕೆ ದುಡ್ಡಿಲ್ಲದೆ ಆ ಕಾರನ್ನು ಸಿಕ್ಕ ಬೆಲೆಗೆ ಕೊಟ್ಟೆವು. ಆ ವರ್ಷ ಗೊಬ್ಬರ ಕಾಣದ ಗಿಡಗಳು ಚೇತರಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ತಂದೆಯವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಆದ್ದರಿಂದ ಕಂಪನಿಗಳು ಐಷಾರಾಮದ ಗಾಡಿ ಬಿಡಬಾರದೆಂಬ ಹಿರಿಯರ ವಾದವನ್ನು ನಾನು ಒಪ್ಪುವುದಿಲ್ಲ. ಬಿಡಲಿ. ನನ್ನ ತಕರಾರು ಬೇರೆ: ಅವರು ನಮ್ಮ ಗಾಡಿಯನ್ನೇ ಐಷಾರಾಮಕ್ಕೆ ಏರಿಸಿಬಿಟ್ಟಿದ್ದಾರೆ. ಮಳೆಗಾಲದ ರಾತ್ರಿ ಕೆಸರಿನ ದಾರಿಯಲ್ಲಿ ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯಬೇಕು, ಬೆಳಿಗ್ಗೆ ಅದರಲ್ಲೇ ಅಡಿಕೆ ಗೊನೆ ತರಬೇಕು. ನಾಲ್ಕು ಚಕ್ರಕ್ಕೂ ಬಲವಿರುವ, ಹೋಸಿನಲ್ಲಿ ನೀರು ಹೊಡೆದು ತೊಳೆಯಬಹುದಾದ ಸರಳ ಜೀಪು ನಮಗೆ ಬೇಕು. 2010ರ ಥಾರ್ ಆ ಜಾತಿಯದೇ ಆಗಿತ್ತು. 2020ರ ಥಾರ್ ಪೇಟೆಯ ಹುಡುಗರ ವಾರದ ಕೊನೆಯ ವಿಹಾರಕ್ಕೆ ಸಜ್ಜಾಗಿ ಬಂತು. ಜಿಪ್ಸಿ ನಿಂತುಹೋಯಿತು, 2023ರಲ್ಲಿ ಅದರ ಜಾಗಕ್ಕೆ ಬಂದ ಜಿಮ್ನಿಯ ಆರಂಭದ ಬೆಲೆಯೇ ಆಗ ಹನ್ನೆರಡೂವರೆ ಲಕ್ಷದ ಮೇಲಿತ್ತು. ಐದು ಎಕರೆಯವನು ಎಲ್ಲಿಗೆ ಹೋಗಬೇಕು? ಹಳೆಯ ಜೀಪಿನ ಬಿಡಿಭಾಗ ಹುಡುಕುತ್ತ ಗುಜರಿ ಅಂಗಡಿಗೆ.

ಸಾಲದ ವಿಷಯದಲ್ಲಿ ಆಡಳಿತ ಮಂಡಳಿಯ ಮುಂದೆ ನಾನಿಡುವ ಸಲಹೆ ಇದು. ವಾಹನ ಸಾಲಕ್ಕೆ ಬೆಳೆಯ ಈ ವರ್ಷದ ಬೆಲೆ ಹಿಡಿಯದೆ ಹಿಂದಿನ ಹತ್ತು ವರ್ಷದ ಸರಾಸರಿ ಹಿಡಿಯುವುದು. ಆ ಲೆಕ್ಕದಲ್ಲಿ ಕಂತಿನ ಜೊತೆ ವರ್ಷದ ಎಣ್ಣೆ ಖರ್ಚನ್ನೂ ಸೇರಿಸುವುದು. ಸರಕು ಸಾಗಣೆಯ ಪಿಕಪ್ಪಿಗೆ ಆದ್ಯತೆ ಕೊಡುವುದು, ಅದರ ತೆರಿಗೆಯೂ ಶೇಕಡ 28ರಿಂದ 18ಕ್ಕೆ ಇಳಿದಿದೆ. ಸಾಲ ಕೇಳಿದ ತರುಣ ಸದಸ್ಯರನ್ನು ಕಛೇರಿಗೆ ಕರೆದು ಅವರ ತೋಟದ ಅಂಕಿಗಳನ್ನೇ ಹಾಕಿ ಲೆಕ್ಕ ತೋರಿಸಿದೆ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ಅರ್ಜಿ ಹಿಂತೆಗೆದುಕೊಂಡಿಲ್ಲ, ಒತ್ತಾಯವನ್ನೂ ಮಾಡಿಲ್ಲ. ಮುಂದಿನ ಮಂಡಳಿ ಸಭೆಗೆ ಮುಂಚೆ ಉಳಿದ ಸದಸ್ಯರೂ ತಮ್ಮ ಅಭಿಪ್ರಾಯವನ್ನು ಕಛೇರಿಗೆ ಬರೆದು ತಿಳಿಸಬೇಕಾಗಿ ಕೋರಿಕೆ.